ಗಿನಿ ಪಿಗ್ ಕೆರ್ಕೊಳ್ತಿದೆಯಾ? ಔಷಧಿ ಹುಡುಕೋ ಮುಂಚೆ ತೂಕ ನೋಡಿ

ಈ ಸಂಚಿಕೆಯಲ್ಲಿ ಕಣ್ಣಿಗೆ ಕಾಣದ ಒಂದು ನುಸಿಯ ಬಗ್ಗೆ ಮಾತಾಡೋಣ. ಜೊತೆಗೆ, ಅಮೆರಿಕದಲ್ಲಿರೋ ನಮ್ಮ ಕನ್ನಡದ ಮನೆಗಳಲ್ಲಿ ಆಗಾಗ ಕೇಳಿಬರೋ ಒಂದು ಲೆಕ್ಕಾಚಾರದ ಬಗ್ಗೆಯೂ ನಮ್ಮ ಅಭಿಪ್ರಾಯ ಹೇಳ್ತೀವಿ.

ಲೆಕ್ಕಾಚಾರ ನಿಮಗೂ ಗೊತ್ತಿರಬಹುದು. ಮಕ್ಕಳು ನಾಯಿ ಬೇಕು ಅಂತಾರೆ. ಅಪಾರ್ಟ್‌ಮೆಂಟ್‌ನಲ್ಲಿ ನಾಯಿ ಸಾಕೋದು ಕಷ್ಟ, ರಾಜಿಯಾಗಿ ಗಿನಿ ಪಿಗ್ ಬರುತ್ತೆ. ಕೆಲವು ತಿಂಗಳಾದ ಮೇಲೆ ಅದು ಮೈ ಕೆರೆದುಕೊಳ್ಳೋಕೆ ಶುರು ಮಾಡುತ್ತೆ, ಬೆನ್ನಿನ ಕೂದಲು ಉದುರುತ್ತೆ. ಆಗ ಮಾತು ಬರುತ್ತೆ: "ಪ್ರಾಣಿಗೆ ಕೊಟ್ಟಿದ್ದು ನಲವತ್ತು ಡಾಲರ್, ವೆಟ್‌ಗೆ ಅದರ ಮೂರು ಪಟ್ಟು ಕೊಡಬೇಕಾ? ಸ್ವಲ್ಪ ಬೇವಿನೆಣ್ಣೆ ಹಚ್ಚಿ ನೋಡೋಣ."

ಈ ಲೆಕ್ಕ ತಪ್ಪು ಅನ್ನೋದು ನಮ್ಮ ವಾದ. ಪ್ರಾಣಿಯನ್ನು ಕೊಂಡ ಬೆಲೆಗೂ ಅದು ಅನುಭವಿಸೋ ನೋವಿಗೂ ಸಂಬಂಧವೇ ಇಲ್ಲ. ಅದಿರಲಿ, ಬರೀ ದುಡ್ಡಿನ ಲೆಕ್ಕ ಹಾಕಿದರೂ ಊಹೆಯ ಮೇಲೆ ಮಾಡೋ ಮದ್ದು ಕೊನೆಗೆ ದುಬಾರಿಯೇ ಆಗುತ್ತೆ. ಯಾಕೆ ಅಂತ ನೋಡೋಣ.

ಮೊದಲು ಈ ನುಸಿ ಯಾವುದು? ಹೆಸರು ಟ್ರಿಕ್ಸಾಕೇರಸ್ ಕೇವಿಯೆ. ವಿಜ್ಞಾನಿಗಳು ಇದನ್ನು ಮೊದಲು ವಿವರಿಸಿದ್ದು 1972ರಲ್ಲಿ. ಮನುಷ್ಯರಿಗೆ ಕಜ್ಜಿ ತರೋ ನುಸಿಯ ಕುಟುಂಬದ್ದೇ ಇದು. ಉದ್ದ ಸುಮಾರು ಒಂದು ಮಿಲಿಮೀಟರಿನ ಐದನೇ ಒಂದು ಭಾಗ. ಹೆಣ್ಣು ನುಸಿ ಚರ್ಮದ ಮೇಲ್ಪದರದೊಳಗೆ ಸುರಂಗ ತೋಡಿ, ಅಲ್ಲೇ ಮೊಟ್ಟೆ ಇಡುತ್ತೆ. ಇದರಿಂದ ಹುಟ್ಟೋ ತುರಿಕೆ ಸಾಮಾನ್ಯದ್ದಲ್ಲ. ರೋಗ ಬಲಿತಾಗ ಗಿನಿ ಪಿಗ್ ಕೆರೆದುಕೊಳ್ಳುತ್ತಲೇ ಉರುಳಿ ಬಿದ್ದು, ಕೈಕಾಲು ಸೆಟೆದು, ಫಿಟ್ಸ್ ಬಂದ ಹಾಗೆ ಒದ್ದಾಡುತ್ತೆ. ತಿನ್ನೋದು ಬಿಡುತ್ತೆ, ತೂಕ ಇಳಿಯುತ್ತೆ, ಸಾಯಲೂಬಹುದು. ಇನ್ನೊಂದು ವಿಷಯ: ಗಿನಿ ಪಿಗ್ ಬೇಟೆಗೆ ಗುರಿಯಾಗೋ ಪ್ರಾಣಿ, ಕಾಯಿಲೆಯನ್ನು ಮುಚ್ಚಿಡೋದು ಅದರ ಸ್ವಭಾವ. ನಮ್ಮ ಕಣ್ಣಿಗೆ ಬೀಳೋ ಹೊತ್ತಿಗೆ ರೋಗ ಬಹಳ ಮುಂದೆ ಹೋಗಿರುತ್ತೆ.

ಹಾಗಂತ ಕೂದಲು ಉದುರಿದ್ದೆಲ್ಲ ನುಸಿಯಿಂದಲ್ಲ. ಕಿವಿಯ ಹಿಂದೆ ಒಂದು ಸಣ್ಣ ಬೋಳು ಜಾಗ ಪ್ರತಿ ಗಿನಿ ಪಿಗ್‌ಗೂ ಇರುತ್ತೆ, ಅದಕ್ಕೆ ಗಾಬರಿ ಬೇಡ. ಮೂಗು, ಕಣ್ಣಿನ ಸುತ್ತ ಹೊಟ್ಟಿನಂತೆ ಸಿಪ್ಪೆ ಏಳುವ ಬೋಳು ಮಚ್ಚೆಗಳು ಕಂಡರೆ ಅದು ಹುಳುಕಡ್ಡಿ ಇರಬಹುದು. ಅದು ಶಿಲೀಂಧ್ರ, ಮಕ್ಕಳ ಕೈಗೂ ಹತ್ತುತ್ತೆ. ಎರಡು ವರ್ಷ ದಾಟಿದ ಹೆಣ್ಣಿನ ಎರಡೂ ಪಕ್ಕೆಯಲ್ಲಿ ಒಂದೇ ರೀತಿ ಕೂದಲು ಉದುರಿ, ತುರಿಕೆ ಇಲ್ಲದಿದ್ದರೆ ಅಂಡಾಶಯದ ಗುಳ್ಳೆಗಳ ಅನುಮಾನ ಬರಬೇಕು. ಕೂದಲ ನಡುವೆ ಓಡಾಡೋ ಹೇನು ಬರಿಗಣ್ಣಿಗೇ ಕಾಣುತ್ತೆ. ಒರಟು ಕೂದಲು, ಊದಿದ ಕೀಲು, ನಡೆಯಲು ಹಿಂಜರಿಕೆ ಇದ್ದರೆ ವಿಟಮಿನ್ ಸಿ ಕೊರತೆ ಇರಬಹುದು. ಮನುಷ್ಯರ ಹಾಗೆ ಗಿನಿ ಪಿಗ್ ಕೂಡ ವಿಟಮಿನ್ ಸಿಯನ್ನು ತಾನೇ ತಯಾರಿಸಿಕೊಳ್ಳಲಾರದು. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರಲಿಕ್ ಸ್ಕರ್ವಿ ರೋಗದ ಗುಟ್ಟಿಗೆ ದಾರಿ ಕಂಡದ್ದು ಇದೇ ಪ್ರಾಣಿಯಿಂದ.

ಅಂದರೆ ತುರಿಕೆ, ಕೂದಲು ಉದುರೋದು ಇವೆಲ್ಲ ಲಕ್ಷಣಗಳು. ಕಾರಣ ಐದಾರು ಇರಬಹುದು, ಒಂದೊಂದಕ್ಕೂ ಮದ್ದು ಬೇರೆ. ನುಸಿಯ ಔಷಧಿ ಹುಳುಕಡ್ಡಿಗೆ ನಾಟಲ್ಲ, ಹುಳುಕಡ್ಡಿಯ ಮುಲಾಮು ಅಂಡಾಶಯಕ್ಕೆ ಏನೂ ಮಾಡಲ್ಲ.

ಇನ್ನು ಬೇವಿನೆಣ್ಣೆ. ನುಸಿ ಅಂದಕೂಡಲೇ ನಮಗೆ ಬೇವು ನೆನಪಾಗೋದಕ್ಕೆ ಕಾರಣ ಇದೆ. 1990ರ ದಶಕದ ಕೊನೆಯಲ್ಲಿ ದಕ್ಷಿಣ ಭಾರತದ ತೆಂಗಿನ ತೋಟಗಳಿಗೆ ನುಸಿ ಪೀಡೆ ಬಂದಾಗ ಬೇವಿನೆಣ್ಣೆ ಸಿಂಪಡಿಸೋಕೆ ಕೃಷಿ ವಿಜ್ಞಾನಿಗಳೇ ಹೇಳಿದ್ದರು. ತೋಟ ಇದ್ದ ಮನೆಯವರಿಗೆ ಆ ದಿನಗಳು ಮರೆತಿರಲ್ಲ. ಆದರೆ ಆ ನುಸಿ ಕಾಯಿಯ ತೊಟ್ಟಿನ ಸಿಪ್ಪೆಯಡಿ ಇರೋದು, ಈ ನುಸಿ ಜೀವಂತ ಚರ್ಮದೊಳಗೆ ಇರೋದು. ಎಣ್ಣೆ ಹಚ್ಚಿದರೆ ಮೇಲಿನ ಹೊಟ್ಟು ಮೆತ್ತಗಾಗಿ ಎರಡು ದಿನ ವಾಸಿಯಾದ ಹಾಗೆ ಕಾಣಬಹುದು, ಒಳಗೆ ಮೊಟ್ಟೆ ಒಡೆಯುತ್ತಲೇ ಇರುತ್ತೆ. ಅಲ್ಲದೆ ತೆಂಗಿನಕಾಯಿ ತನ್ನ ಮೈ ತಾನೇ ನೆಕ್ಕಿಕೊಳ್ಳಲ್ಲ, ಗಿನಿ ಪಿಗ್ ನೆಕ್ಕಿಕೊಳ್ಳುತ್ತೆ. ಹಚ್ಚಿದ್ದೆಲ್ಲ ಹೊಟ್ಟೆ ಸೇರುತ್ತೆ.

ಕೆರೆದು ಗಾಯವಾಗಿದೆ ಅಂತ ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಕೊಡೋ ಯೋಚನೆ ಇನ್ನೂ ಅಪಾಯದ್ದು. ಪೆನಿಸಿಲಿನ್ ಗುಂಪಿನ ಔಷಧಿ ಬಾಯಿಯ ಮೂಲಕ ಹೋದರೆ ಗಿನಿ ಪಿಗ್‌ನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತೆ, ವಿಷ ಉಗುಳೋ ಬ್ಯಾಕ್ಟೀರಿಯಾ ಹೆಚ್ಚುತ್ತೆ. ಕೆಲವೇ ದಿನಗಳಲ್ಲಿ ಪ್ರಾಣಿ ಸಾಯಬಹುದು.

ಸರಿ, ನುಸಿಗೆ ನಿಜವಾದ ಔಷಧಿ ಏನು? ಐವರ್ಮೆಕ್ಟಿನ್, ಇಲ್ಲವೇ ಸೆಲಮೆಕ್ಟಿನ್. ಜಪಾನಿನ ಮಣ್ಣಿನಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿಯಿಂದ ಬಂದ ಔಷಧಿ ಐವರ್ಮೆಕ್ಟಿನ್. ಅದಕ್ಕಾಗಿ ಸತೋಶಿ ಒಮುರ ಮತ್ತು ವಿಲಿಯಂ ಕ್ಯಾಂಪ್‌ಬೆಲ್ 2015ರ ನೊಬೆಲ್ ಬಹುಮಾನ ಹಂಚಿಕೊಂಡರು. ನುಸಿಯ ನರ ಮತ್ತು ಸ್ನಾಯುಗಳಲ್ಲಿರೋ, ನಮ್ಮಲ್ಲಿ ಇಲ್ಲದ ಒಂದು ಬಗೆಯ ಬಾಗಿಲನ್ನು ಇದು ತೆರೆದಿಟ್ಟುಬಿಡುತ್ತೆ, ನುಸಿ ನಿಶ್ಚಲವಾಗಿ ಸಾಯುತ್ತೆ. ಸಸ್ತನಿಗಳ ಮಿದುಳಿನಲ್ಲೂ ಇದೇ ಜಾತಿಯ ಬಾಗಿಲುಗಳಿವೆ, ಆದರೆ ರಕ್ತ ಮತ್ತು ಮಿದುಳಿನ ನಡುವಿನ ತಡೆ ಔಷಧಿಯನ್ನು ಹೊರಗೇ ನಿಲ್ಲಿಸುತ್ತೆ. ಡೋಸ್ ಮಿತಿಮೀರಿದರೆ ಆ ತಡೆ ಸಾಕಾಗಲ್ಲ.

ಇಲ್ಲೇ ಕುದುರೆಯ ಪೇಸ್ಟ್ ಬರುತ್ತೆ. ಕೃಷಿ ಸಾಮಗ್ರಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತೆ, "ಅಕ್ಕಿ ಕಾಳಿನಷ್ಟು ಕೊಡಿ" ಅನ್ನೋ ಸಲಹೆಯೂ ಓಡಾಡುತ್ತೆ. ಸ್ವಲ್ಪ ಗಣಿತ ಮಾಡೋಣ. ಒಂದು ಟ್ಯೂಬಿನಲ್ಲಿ 6.08 ಗ್ರಾಂ ಪೇಸ್ಟ್, ಅದರಲ್ಲಿ ಐವರ್ಮೆಕ್ಟಿನ್ ಶೇಕಡ 1.87, ಅಂದರೆ ಸುಮಾರು 114 ಮಿಲಿಗ್ರಾಂ. ಇದು 1,250 ಪೌಂಡ್, ಅಂದರೆ ಸುಮಾರು 567 ಕಿಲೋ ತೂಗೋ ಕುದುರೆಗೆ. ಅದೇ ಪ್ರಮಾಣದಲ್ಲಿ ಒಂದು ಕಿಲೋ ಪ್ರಾಣಿಗೆ ಬರೋದು ಸುಮಾರು 11 ಮಿಲಿಗ್ರಾಂ ಪೇಸ್ಟ್, ಹೆಚ್ಚುಕಡಿಮೆ ಒಂದು ಸೋನಾ ಮಸೂರಿ ಕಾಳಿನ ತೂಕ. ಇದನ್ನು ಡೋಸ್ ಅಂತ ಬರೆದಿಟ್ಟುಕೊಳ್ಳಬೇಡಿ. ಯಾರ ಕೈಯೂ ಇಷ್ಟು ಸಣ್ಣದನ್ನು ಅಂದಾಜಿನಲ್ಲಿ ಅಳೆಯಲಾರದು ಅನ್ನೋದಕ್ಕೆ ಈ ಲೆಕ್ಕ. ಎರಡು ಕಾಳಿನಷ್ಟು ಬಿದ್ದರೆ ದುಪ್ಪಟ್ಟು. ಬಟಾಣಿಯಷ್ಟು ಬಿದ್ದರೆ ಇಪ್ಪತ್ತು ಪಟ್ಟು ದಾಟಬಹುದು. 2021ರಲ್ಲಿ ಇದೇ ಪೇಸ್ಟನ್ನು ಜನ ಕೋವಿಡ್‌ಗೆ ತಿಂದಾಗ "ನೀವು ಕುದುರೆಯಲ್ಲ" ಅಂತ ಅಮೆರಿಕದ ಎಫ್‌ಡಿಎ ಹೇಳಬೇಕಾಯಿತು. ಗಿನಿ ಪಿಗ್ ಕೂಡ ಕುದುರೆಯಲ್ಲ.

ಬ್ರಿಟನ್ನಿನ ಕೇಳುಗರು ಇಲ್ಲಿ ಆಕ್ಷೇಪಿಸಬಹುದು. ಅಲ್ಲಿ ಗಿನಿ ಪಿಗ್‌ನಂಥ ಸಣ್ಣ ಪ್ರಾಣಿಗಳಿಗೆಂದೇ ಮಾಡಿದ ಐವರ್ಮೆಕ್ಟಿನ್ ಹನಿ ಚೀಟಿಯಿಲ್ಲದೆ ಸಿಗುತ್ತೆ. ನಿಜ. ಆದರೆ ಅಲ್ಲಿ ಪೊಟ್ಟಣವೇ ಸಣ್ಣ ಪ್ರಾಣಿಯ ತೂಕಕ್ಕೆ ಹೊಂದಿರುತ್ತೆ. ನಮ್ಮ ತಕರಾರು ಔಷಧಿಯ ಮೇಲಲ್ಲ, ಅಳತೆಯ ಮೇಲೆ.

ವೆಟ್ ದುಬಾರಿ ಅನ್ನೋದನ್ನೂ ನಾವು ತಳ್ಳಿಹಾಕಲ್ಲ. ಎಲ್ಲ ವೆಟ್‌ಗಳೂ ಗಿನಿ ಪಿಗ್ ನೋಡಲ್ಲ, ನೋಡೋರ ಫೀಸು ಹೆಚ್ಚಿರುತ್ತೆ. ಹಾಗಾಗಿ ಖರ್ಚು ಎಲ್ಲಿ ಮಾಡಬೇಕು ಅಂತ ತಿಳಿದಿರಬೇಕು. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನುಸಿ ಸಿಗದೇ ಹೋಗೋದು ಸಾಮಾನ್ಯ, ಅದರಿಂದ ನುಸಿ ಇಲ್ಲ ಅಂತ ಹೇಳಲಾಗಲ್ಲ. ಲಕ್ಷಣ ಸ್ಪಷ್ಟವಿದ್ದರೆ ಅನೇಕ ವೆಟ್‌ಗಳು ನೇರ ನುಸಿಗೇ ಚಿಕಿತ್ಸೆ ಶುರು ಮಾಡ್ತಾರೆ. ಇದು ವೈದ್ಯಕೀಯವಾಗಿ ಒಪ್ಪಿತವಾದ ದಾರಿ. "ಬಜೆಟ್ ಇಷ್ಟೇ, ಮೊದಲು ಯಾವುದು ಮುಖ್ಯ?" ಅಂತ ನಾಚಿಕೆಯಿಲ್ಲದೆ ಕೇಳಿ. ಹೆಚ್ಚಿನವರು ದಾರಿ ಹೇಳ್ತಾರೆ.

ಚಿಕಿತ್ಸೆ ಶುರುವಾದ ಮೇಲೆ ಎರಡು ವಿಷಯ ಬಿಡಬೇಡಿ. ಐವರ್ಮೆಕ್ಟಿನ್ ಮೊಟ್ಟೆಗಳನ್ನು ಕೊಲ್ಲಲ್ಲ. ಅದಕ್ಕೇ ಒಂದೆರಡು ವಾರದ ಅಂತರದಲ್ಲಿ ಮತ್ತೆ ಡೋಸ್ ಇರುತ್ತೆ. ಮೊದಲ ಡೋಸಿಗೇ ತುರಿಕೆ ನಿಂತಿತು ಅಂತ ಎರಡನೆಯದನ್ನು ತಪ್ಪಿಸಿದರೆ ಕಥೆ ಮೊದಲಿಂದ ಶುರು. ಎರಡನೆಯದು, ಗೂಡಿನ ಜೊತೆಗಾರರೆಲ್ಲರಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ಲಕ್ಷಣವಿಲ್ಲದೆ ನುಸಿ ಹೊತ್ತಿರೋ ಪ್ರಾಣಿಯೂ ಇರುತ್ತೆ. ಹಾಸನ್ನು ಬದಲಿಸಿ, ಗೂಡು ತೊಳೆಯಿರಿ. ನಿಮ್ಮ ಕೈಗೆ ಸಣ್ಣ ದದ್ದು ಬಂದರೆ ಹೆದರಬೇಡಿ, ಈ ನುಸಿ ಮನುಷ್ಯರ ಮೇಲೆ ಸಂಸಾರ ಹೂಡಲ್ಲ. ಗಿನಿ ಪಿಗ್ ವಾಸಿಯಾದರೆ ಅದೂ ಹೋಗುತ್ತೆ.

ಇನ್ನೊಂದು ಸಲಹೆಗೆ ಖರ್ಚೇ ಇಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಡಬ್ಬಿಯಿಟ್ಟು ವಾರಕ್ಕೊಮ್ಮೆ ತೂಕ ನೋಡಿ, ಮಕ್ಕಳ ಕೈಯಲ್ಲಿ ಬರೆಸಿ. ತೂಕ ಇಳಿಯೋದು ಕಾಯಿಲೆಯ ಮೊದಲ ಸುಳಿವು, ಸರಿಯಾದ ಡೋಸಿಗೆ ಆಧಾರವೂ ಅದೇ. ಹಾಗೇ, ಪ್ರಾಣಿ ಕೊಳ್ಳೋ ದಿನವೇ ಅದನ್ನು ನೋಡೋ ವೆಟ್ ಎಲ್ಲಿದ್ದಾರೆ, ಫೀಸೆಷ್ಟು ಅಂತ ವಿಚಾರಿಸಿ. ಆ ಖರ್ಚು ಭರಿಸಲು ಆಗಲ್ಲ ಅನ್ನಿಸಿದರೆ ಕೊಳ್ಳದೇ ಇರೋದೇ ಮರ್ಯಾದೆಯ ತೀರ್ಮಾನ. ನಲವತ್ತು ಡಾಲರ್ ಅಂಗಡಿಯವರ ದರ. ಸಾಕೋ ದರ ಬೇರೆ, ಅದನ್ನು ಅಂಗಡಿಯಲ್ಲಿ ಯಾರೂ ಹೇಳಲ್ಲ, ಅದಕ್ಕೇ ನಾವು ಹೇಳ್ತಿದ್ದೀವಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.