ಅನ್‌ಲಿಮಿಟೆಡ್ ಅಂತೆ! (ಭಾಗ 4)

ಸಂಜೆ ಆರಕ್ಕೇ ಇವತ್ತಿನ ಡೇಟಾ ಖಾಲಿ. ಪ್ಯಾಕಿನ ಮೇಲೆ ಮಾತ್ರ ‘ಅನ್‌ಲಿಮಿಟೆಡ್’. ಕೆಳಗಿನ ಸಣ್ಣಕ್ಷರ ಯಾವತ್ತಾದ್ರೂ ಓದಿದ್ದೀರಾ? ಹಲವು ಪ್ಯಾಕುಗಳಲ್ಲಿ ಬರೆದಿರೋದು: ಮಿತಿ ಮುಗಿದ ಮೇಲೆ 64 ಕೆಬಿಪಿಎಸ್.

ಇಲ್ಲಿ ‘ಬಿ’ ಅಂದ್ರೆ ಬಿಟ್, ಬೈಟ್ ಅಲ್ಲ. ಯಾಮಾರೋದೇ ಇಲ್ಲಿ. ಫೈಲಿನ ಸೈಜು ತೋರಿಸೋದು ಬೈಟಲ್ಲಿ, 8 ಬಿಟ್ ಸೇರಿದ್ರೆ 1 ಬೈಟ್. ಅಂದ್ರೆ ಸೆಕೆಂಡಿಗೆ ಬರೋದು ಬರೀ 8 ಕಿಲೋಬೈಟ್. 5 ಎಂಬಿ ನೋಟ್ಸ್ ಪಿಡಿಎಫ್ ಇಳಿಯೋಕೆ 10 ನಿಮಿಷದ ಮೇಲೆ ಬೇಕು, ಅದೂ ಸಿಗ್ನಲ್ ಸರಿಯಾಗಿದ್ರೆ!

ಈ 64 ಹಳೇ ಟೆಲಿಫೋನ್ ಲೆಕ್ಕದಲ್ಲೂ ಇದೆ. ದನಿಯನ್ನ ಸೆಕೆಂಡಿಗೆ 8000 ಸಲ ಅಳೀತಾರೆ, ಒಂದೊಂದು ಅಳತೆಗೂ 8 ಬಿಟ್. ಗುಣಿಸಿ ನೋಡಿ, 64,000. ಅದು ಒಂದೇ ಒಂದು ಕರೆಯ ದಾರಿ. ಅಂಥ 32 ದಾರಿ ಸೇರಿದ್ರೆ ಇ1 ಲೈನು, 2048 ಕೆಬಿಪಿಎಸ್. 30ರಲ್ಲಿ ಮಾತು, ಉಳಿದೆರಡು ಲೈನಿನ ಸ್ವಂತ ಕೆಲಸಕ್ಕೆ.

2023ರಿಂದ ಸರ್ಕಾರದ ಲೆಕ್ಕದಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸ್ಕೊಳ್ಳೋಕೆ ಕನಿಷ್ಠ 2 ಎಂಬಿಪಿಎಸ್ ಬೇಕು. ನಮಗೆ ಉಳಿಯೋದು ಅದರ 31ರಲ್ಲಿ ಒಂದು ಪಾಲು! ವೈಫೈ ಇರೋ ಮನೆಯವರಿಗೆ ಇದು ತಟ್ಟಲ್ಲ. ರಾಯಚರ್ಲು ಕಡೆ ಫೋನ್ ಡೇಟಾ ನಂಬ್ಕೊಂಡು ಸ್ಕಾಲರ್‌ಶಿಪ್ ಅರ್ಜಿ ಹಾಕೋರಿಗೆ ತಟ್ಟುತ್ತೆ.

ವೇಗ ಕಮ್ಮಿ ಮಾಡೋದಾದ್ರೆ ಮಾಡಲಿ. ಆದ್ರೆ ‘ಇನ್ಮೇಲೆ ನಿಮಿಷಕ್ಕೆ ಅರ್ಧ ಎಂಬಿನೂ ಬರಲ್ಲ’ ಅಂತ ದೊಡ್ಡಕ್ಷರದಲ್ಲೇ ಹಾಕಲಿ. ನಿಮ್ಮ ಪ್ಯಾಕಿನ ಸಣ್ಣಕ್ಷರದಲ್ಲಿ ಎಷ್ಟಿದೆ? ಕಾಮೆಂಟಲ್ಲಿ ಹಾಕ್ರೋ.