ಹದಿನೈದು ವರ್ಷದ ತಗಡಿಗಾಗಿ

2025ರ ಏಪ್ರಿಲ್‌ನ ಒಂದು ರಾತ್ರಿ ಮೈಸೂರಿನ ಹೈದರಾಲಿ ರಸ್ತೆಯಲ್ಲಿ 40 ಮರಗಳನ್ನು ಉರುಳಿಸಿದರು. ರಸ್ತೆ ಅಗಲವಾಗಬೇಕಂತೆ. ಅಷ್ಟು ಒಳ್ಳೆಯ ಕೆಲಸವಾಗಿದ್ದರೆ ಹಗಲಲ್ಲೇ ಮಾಡಬಹುದಿತ್ತಲ್ಲ? ಊರು ಮಲಗಿದ ಮೇಲೆ ಗರಗಸ ಎತ್ತುವವರಿಗೆ ತಮ್ಮ ಕೆಲಸ ಎಂಥದ್ದೆಂದು ಚೆನ್ನಾಗಿ ಗೊತ್ತಿರುತ್ತದೆ.

ಅದೇ ವರ್ಷ ಬೆಂಗಳೂರಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿ.ಮೀ. ಸುರಂಗದ ನಕ್ಷೆ ಬಿಡಿಸಿ, ಲಾಲ್‌ಬಾಗಿನ ನೆಲವನ್ನೂ ಅದರೊಳಗೆ ಎಳೆದರು. 1760ರಲ್ಲಿ ಆ ತೋಟ ಶುರು ಮಾಡಿದವನು ಇದೇ ಹೈದರಾಲಿ. ಅವನ ಹೆಸರಿನ ರಸ್ತೆಯಲ್ಲಿ ಮರ ಉಳಿಯಲಿಲ್ಲ. ಅವನು ಮಾಡಿದ ತೋಟಕ್ಕೂ ಈಗ ನೆಮ್ಮದಿಯಿಲ್ಲ.

ಯಾರಿಗಾಗಿ ಇಷ್ಟೆಲ್ಲ? ಬೆಂಗಳೂರಿನ ವಾಹನಗಳು ಒಂದು ಕೋಟಿ ದಾಟಿವೆ. ಅವುಗಳಲ್ಲಿ ಹೆಚ್ಚಿನವು ದ್ವಿಚಕ್ರ ವಾಹನಗಳು. ಸುರಂಗದೊಳಗೆ ಅವಕ್ಕೂ ಪ್ರವೇಶವಿಲ್ಲ, ಆಟೋಗೂ ಇಲ್ಲ. ಅಂದರೆ ಎಲ್ಲರ ತೆರಿಗೆಯಲ್ಲಿ ಕೆಲವರ ಕಾರಿಗೆ ನೆಲದಡಿಯ ರಾಜಬೀದಿ! ಊರಿಗೆ ಊರೇ ನೆಚ್ಚಿಕೊಂಡ ಬಿಎಂಟಿಸಿಯಲ್ಲಿರುವುದು ಸುಮಾರು 7,000 ಬಸ್ಸು. ಗಾರ್ಮೆಂಟ್ಸ್ ಹೆಣ್ಣುಮಗಳು ಫುಟ್‌ಬೋರ್ಡ್ ಮೇಲೆ ಒಂಟಿಕಾಲಲ್ಲಿ ನಿಂತು ಹೋಗುತ್ತಾಳೆ. ಪಕ್ಕದಲ್ಲೇ ಐದು ಸೀಟಿನ ಕಾರಿನಲ್ಲಿ ಒಬ್ಬನೇ ಕೂತು ಹಾರನ್ ಒತ್ತುತ್ತಾನೆ. ಸರ್ಕಾರದ ಕಿವಿಗೆ ಬಿದ್ದದ್ದು ಆ ಹಾರನ್ ಮಾತ್ರ.

ಅಗಲಿಸಿದಷ್ಟೂ ಕಾರು ಬರುತ್ತದೆ. ಕಾರು ಬಂದಷ್ಟೂ ಮತ್ತೆ ಅಗಲಿಸಿ ಎನ್ನುತ್ತಾರೆ. ಬೆಂಕಿಗೆ ತುಪ್ಪ ಸುರಿದು ಉರಿ ತಗ್ಗಲಿಲ್ಲವೆಂದು ಇನ್ನೊಂದು ಡಬ್ಬಿ ತರುವ ಬುದ್ಧಿವಂತಿಕೆ ಇದು.

ನಾವು ಸುಮ್ಮನಿದ್ದರೆ ಮಾತ್ರ ಇದು ನಡೆಯುತ್ತದೆ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಸೇತುವೆ ಕಟ್ಟಲು 812 ಮರಗಳ ಲೆಕ್ಕ ಹಾಕಿದ್ದರು. ಜನ ಕೈಕೈ ಹಿಡಿದು ರಸ್ತೆಬದಿ ನಿಂತರು. ಮರುವರ್ಷ ಮಾರ್ಚ್‌ನಲ್ಲಿ ಸರ್ಕಾರವೇ ಯೋಜನೆ ಕೈಬಿಟ್ಟಿತು. ಆ ಸೇತುವೆ ಇಲ್ಲದೆ ಬೆಂಗಳೂರು ಮುಳುಗಿಹೋಯಿತೇ?

ಕಾರಿನ ಆರ್‌ಸಿಗೆ 15 ವರ್ಷ ಆಯುಸ್ಸು. ಆಮೇಲೆ ಎಫ್‌ಸಿಗೆ ಅಲೆದಾಟ, ಕೊನೆಗೆ ಗುಜರಿ. ಕೆಂಪೇಗೌಡರ ಗೋಪುರ ಹೊತ್ತು ನಿಂತ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಮರ ಕಡಿದವರು “ಒಂದಕ್ಕೆ ಹತ್ತು ಸಸಿ ನೆಡುತ್ತೇವೆ” ಎಂದು ಬಾಯಿ ಮುಚ್ಚಿಸುತ್ತಾರೆ.

ಸ್ವಾಮಿ, ಸುರಂಗ ಕೊರೆಯುವಾಗ ಬಂಡೆ ಬಿರಿದರೆ ಏನು ನೆಡುತ್ತೀರಿ?