ಅಂಗಳದ ಕಾರು, ಅರವತ್ತು ಕಿಲೋಮೀಟರಿನ ದಾರಿ



ಕಳೆದ ಹದಿನೈದು ದಿನಗಳಲ್ಲಿ ಬಂದ ಪತ್ರಗಳಲ್ಲಿ ಹೆಚ್ಚಿನವು ಎಂದಿನಂತೆ ಉಪ್ಪಿನಕಾಯಿ ಬೂಸಲು ಹಿಡಿಯುವ ಬಗ್ಗೆ, ಮಕ್ಕಳ ಹಟದ ಬಗ್ಗೆ. ಆದರೆ ಹೊನ್ನಾವರದ ಸಹೋದರಿಯೊಬ್ಬರ ಪತ್ರವನ್ನು ಮಾತ್ರ ಮೂರು ಸಲ ಓದಿದೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ.

ಅವರ ಮಗಳಿಗೆ ಭಟ್ಕಳದಲ್ಲಿ ಕೆಲಸ ಸಿಕ್ಕಿದೆ. ಮನೆಯಲ್ಲಿ ಎರಡು ವರ್ಷದ ಹಿಂದೆ ಕೊಂಡ ಒಳ್ಳೆಯ ಕಾರಿದೆ. ಮಗಳಿಗೆ ಓಡಿಸಲು ಬರುತ್ತದೆ, ದಿನಾ ಅದರಲ್ಲೇ ಹೋಗಿ ಬರುತ್ತೇನೆ ಅನ್ನುತ್ತಾಳೆ. ಅಪ್ಪ, "ಅಷ್ಟು ಚೆಂದದ ಗಾಡೀನ ದಿನಾ ಓಡಿಸಿ ಹಾಳು ಮಾಡೋದಾ?" ಅನ್ನುತ್ತಾರೆ. ಮಗಳು, "ಮತ್ತೆ ಎಂತಕ್ಕೆ ತಂದದ್ದು, ಆಯುಧಪೂಜೆಗೆ ಹೂ ಹಾಕ್ಲಿಕ್ಕಾ?" ಅನ್ನುತ್ತಾಳೆ. "ನಡುವೆ ನಾನು ಅಡಕತ್ತರಿಯ ಅಡಿಕೆಯಾಗಿದ್ದೇನೆ, ನೀವೇ ಹೇಳಿ" ಎಂದು ಬರೆದಿದ್ದಾರೆ.

ಇಬ್ಬರದೂ ಸರಿ ಎಂದು ಹೇಳಿ ನಾನು ಜಾರಿಕೊಳ್ಳಬಹುದಿತ್ತು. ಆದರೆ ಇದೇ ಚರ್ಚೆ ನಮ್ಮ ಮನೆಯಲ್ಲೂ ಆಗಿಹೋಗಿದೆ. ಅದನ್ನೇ ಹೇಳುತ್ತೇನೆ.

ನಮ್ಮ ಮನೆ ಕುಮಟಾ ಪೇಟೆಯಿಂದ ನಾಲ್ಕೈದು ಕಿಲೋಮೀಟರ್ ಒಳಗೆ, ತೋಟದ ನಡುವೆ. 2021ರ ಮಳೆಗಾಲದ ಒಂದು ರಾತ್ರಿ ಮಾವನವರಿಗೆ ಎದೆನೋವು ಬಂತು. ಬಾಡಿಗೆ ಗಾಡಿಯವರಿಗೆ ಫೋನ್ ಮೇಲೆ ಫೋನ್ ಮಾಡಿದೆವು. ಒಬ್ಬರು ಬಂದು ಮುಟ್ಟುವಾಗ ಒಂದೂವರೆ ತಾಸು ಕಳೆದಿತ್ತು. ಪೇಟೆಯಲ್ಲಿ ತೋರಿಸಿದೆವು, ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದರು. ದೊಡ್ಡ ಆಸ್ಪತ್ರೆ ಅಂದರೆ ನಮಗೆ ಮಣಿಪಾಲ, ಮಂಗಳೂರು, ಇಲ್ಲವೇ ಹುಬ್ಬಳ್ಳಿ. ಎಲ್ಲವೂ ನೂರು ಕಿಲೋಮೀಟರಿಗೂ ಆಚೆ. ಹೊನ್ನಾವರದ ಶರಾವತಿ ಸೇತುವೆ ದಾಟುವುದರೊಳಗೆ ಮಾವ ಇರಲಿಲ್ಲ.

ಮರುವರ್ಷವೇ ಇವರು ಕಾರು ತಂದರು. ಇದ್ದ ಉಳಿತಾಯ, ನನ್ನ ಎರಡು ಬಳೆ, ಮೇಲೆ ಬ್ಯಾಂಕಿನ ಸಾಲ. ಬಿಳಿ ಬಣ್ಣ, ಮೆತ್ತನೆ ಸೀಟು, ಬಾಗಿಲು ಹಾಕಿದರೆ ಹೊರಗಿನ ಮಳೆಯ ಸದ್ದೂ ಕೇಳಿಸದು. ಅತ್ತೆ ಕುಂಕುಮ ಹಚ್ಚಿ, "ಇನ್ನು ಈ ಮನೇಲಿ ಗಾಡಿ ಇಲ್ದೆ ಯಾರೂ ಹೋಗೂದು ಬೇಡ" ಅಂದರು. ಕಾರು ಬಂದದ್ದು ಆ ಒಂದು ಮಾತಿಗಾಗಿ. ಆದರೆ ವಸ್ತು ಚೆಂದ ಇದ್ದರೆ, ಅದು ಯಾಕೆ ಬಂತು ಅನ್ನೋದು ಮರೆತುಹೋಗುತ್ತದೆ ನೋಡಿ.

2024ರಲ್ಲಿ ಇವರಿಗೆ ಭಟ್ಕಳಕ್ಕೆ ವರ್ಗವಾಯಿತು. ಒಂದು ಕಡೆಗೆ ಹೆಚ್ಚುಕಡಿಮೆ 60 ಕಿಲೋಮೀಟರ್. ಧಾರೇಶ್ವರ, ಹಳದೀಪುರ, ಕರ್ಕಿ, ಹೊನ್ನಾವರ, ಹೊಳೆ ದಾಟಿ ಕಾಸರಕೋಡ, ಮಂಕಿ, ಮುರ್ಡೇಶ್ವರದ ಕ್ರಾಸು, ಶಿರಾಲಿ, ಆಮೇಲೆ ಭಟ್ಕಳ. ಅಲ್ಲೇ ಮನೆ ಮಾಡೋಣವೆಂದರೆ ತೋಟ ಬಿಡುವಂತಿಲ್ಲ, ಅತ್ತೆ ಬರುವಂತಿಲ್ಲ. ಇವರು, "ಕಾರಿದ್ಯಲ್ಲ, ಚಿಂತೆ ಎಂತದ್ದು?" ಅಂದರು. ನನಗೂ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ? ಗಂಡ ಇಸ್ತ್ರಿ ಅಂಗಿ ಹಾಕಿಕೊಂಡು ಕಾರಲ್ಲಿ ಕಚೇರಿಗೆ ಹೊರಟರೆ ನೋಡಲು ಯಾವ ಹೆಂಡತಿಗೆ ಬೇಡ?

ಮೊದಲ ತಿಂಗಳ ಕೊನೆಗೆ ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಕಾರಿನ ಲೆಕ್ಕ ಬರೆದೆ. ಎಸ್ಸೆಸ್ಸೆಲ್ಸಿ ಓದಿದವಳಿಗೆ ಗುಣಾಕಾರ ಸಾಕಲ್ಲ! ಹೋಗಿ ಬರಲು ದಿನಕ್ಕೆ 120 ಕಿಲೋಮೀಟರ್. ನಮ್ಮ ಗಾಡಿ ಲೀಟರಿಗೆ ಸುಮಾರು 15 ಕೊಡುತ್ತದೆ. ಅಂದರೆ ದಿನಕ್ಕೆ 8 ಲೀಟರ್. ಲೀಟರಿಗೆ ದುಂಡಾಗಿ 100 ರೂಪಾಯಿ ಅಂತ ಹಿಡಿದರೂ ದಿನಕ್ಕೆ 800. ತಿಂಗಳಿಗೆ 24 ದಿನದ ಕೆಲಸಕ್ಕೆ 19,200 ರೂಪಾಯಿ! ಮನೆಯ ದಿನಸಿ, ಹಾಲು, ಕರೆಂಟು ಎಲ್ಲ ಸೇರಿದರೂ ನಮ್ಮಲ್ಲಿ ಅಷ್ಟಾಗುವುದಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ವರ್ಷಕ್ಕೆ 34,000 ಕಿಲೋಮೀಟರ್ ಮೀರುತ್ತದೆ. ಹತ್ತು ಸಾವಿರಕ್ಕೊಂದು ಸರ್ವಿಸ್ ಅಂದರೆ ವರ್ಷಕ್ಕೆ ಮೂರು ಸಲ. ಟಯರು ಒಂದೂವರೆ ವರ್ಷ ಬಂದರೆ ಪುಣ್ಯ. ಹೊಳೆಗದ್ದೆಯ ಟೋಲ್ ಬೇರೆ. 2025ರ ಆಗಸ್ಟ್ 15ರಿಂದ ಸ್ವಂತ ಕಾರಿಗೆ ವಾರ್ಷಿಕ ಪಾಸು ಬಂದಿದೆ (ಶುರುವಾದಾಗ 3,000 ರೂಪಾಯಿ ಇತ್ತು), ನಿಜ. ಆದರೆ ಅದು ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅಲ್ಲಿಯವರೆಗೆ. ದಿನಾ ಹೋಗಿ ಬರುವವರಿಗೆ ನೂರೇ ದಿನಕ್ಕೆ ಮುಗಿಯುತ್ತದೆ. ಟೋಲಿನಿಂದ 20 ಕಿಲೋಮೀಟರಿನೊಳಗೆ ಮನೆ ಇರುವವರಿಗೆ ತಿಂಗಳ ಪಾಸು ಪ್ರತ್ಯೇಕ ಇದೆ, ದಿನಾ ಓಡಾಡುವವರು ಅದನ್ನು ಕೇಳಿ ನೋಡುವುದು ಒಳ್ಳೆಯದು.

ಲೆಕ್ಕ ತೋರಿಸಿದೆ. ಇವರು, "ಬಸ್ಸಿನಲ್ಲಿ ನೇತಾಡಿ ಹೋಗೋ ವಯಸ್ಸಾ ನಂದು?" ಅಂದರು. ನಾನು ಸುಮ್ಮನಾದೆ. ದುಡ್ಡಿನ ಮಾತಿಗೆ ಗಂಡಸರು ಸೋಲುವುದಿಲ್ಲ.

ಒಂದು ಭಾನುವಾರ ಕಾರು ತೊಳೆಯುತ್ತಿದ್ದೆ. ಎಡಗಡೆಯ ಬಂಪರಿನ ಅಡಿಯಲ್ಲಿ ಒಂದು ಮುಷ್ಟಿ ಹುಲ್ಲು ಬೇರುಸಮೇತ ಸಿಕ್ಕಿಕೊಂಡಿತ್ತು, ಮೇಲೆ ಒಣಗಿದ ಕೆಸರು. ಡಾಂಬರು ರಸ್ತೆಯಲ್ಲಿ ಹೋಗಿ ಬರುವ ಗಾಡಿಗೆ ಹುಲ್ಲು ಎಲ್ಲಿಂದ? ಆ ಹುಲ್ಲನ್ನು ಹಾಗೇ ತಂದು ಇವರ ಚಹದ ಲೋಟದ ಪಕ್ಕ ಇಟ್ಟೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು. ಗುರುವಾರ ಸಂಜೆ ಮಂಕಿ ದಾಟುವಾಗ ಕಣ್ಣು ಒಂದು ಗಳಿಗೆ ಮುಚ್ಚಿಹೋಗಿತ್ತಂತೆ. ಗಾಡಿ ರಸ್ತೆ ಬಿಟ್ಟು ಅಂಚಿಗೆ ಇಳಿದಾಗಲೇ ಎಚ್ಚರ. ಆ ಜಾಗದಲ್ಲಿ ಕಂಬವಿರಲಿಲ್ಲ, ನಡೆದು ಹೋಗುವವರಿರಲಿಲ್ಲ, ಅಷ್ಟೇ.

"ಎಂತಕ್ಕೆ ಹೇಳಲಿಲ್ಲ?" ಅಂದೆ. "ನೀನು ಕಾರು ಬೇಡ ಅಂತೀಯ ಅಂತ" ಅಂದರು.

ಸಹೋದರಿಯರೇ, ನಮ್ಮ ರಸ್ತೆ ನಿಮಗೆ ಗೊತ್ತಿದ್ದದ್ದೇ. ಹಿಂದೆ 17 ನಂಬರಿನ ಹೆದ್ದಾರಿ, ಈಗ 66. ಅಗಲವಾಗಿದೆ, ವೇಗ ಹೆಚ್ಚಾಗಿದೆ. ಅದರ ಮೇಲೆ ನಮ್ಮ ಮಳೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಹೊರಟ ಆಂಬುಲೆನ್ಸ್, ಬೈಂದೂರು ಬಳಿಯ ಶಿರೂರು ಟೋಲಿನಲ್ಲಿ ಒದ್ದೆ ನೆಲದ ಮೇಲೆ ಜಾರಿ ಉರುಳಿ ನಾಲ್ವರು ತೀರಿಹೋದದ್ದನ್ನು ಮರೆಯಲಾದೀತೇ? 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಗೆ ಇಳಿಯಿತು. ಅಂಥ ದಾರಿಯಲ್ಲಿ ದಣಿದ ಮನುಷ್ಯ ಒಬ್ಬನೇ, ದಿನಕ್ಕೆ 120 ಕಿಲೋಮೀಟರ್. ಕಾರು ಎಷ್ಟು ಮೆತ್ತಗಿದ್ದರೇನು? ಮೆತ್ತಗಿದ್ದಷ್ಟೂ ನಿದ್ದೆ ಬೇಗ.

ಆ ರಾತ್ರಿ ನನ್ನನ್ನು ಕಾಡಿದ್ದು ಇನ್ನೊಂದು ಯೋಚನೆ. ಅತ್ತೆಗೆ ಈಗ ಎಪ್ಪತ್ತೈದರ ಹತ್ತಿರ. ಅವರಿಗಾಗಿ ತಂದ ಕಾರು ಬೆಳಗಿನಿಂದ ಸಂಜೆಯವರೆಗೆ ಭಟ್ಕಳದ ಕಚೇರಿಯ ಮುಂದೆ ಬಿಸಿಲಲ್ಲಿ ನಿಂತಿರುತ್ತದೆ. ಇಲ್ಲಿ ಅಂಗಳ ಖಾಲಿ. ಅಂಗಳದಲ್ಲಿ ನಿಂತರೂ ಏನು ಬಂತು? ಓಡಿಸುವವರು ಯಾರು? ನಾನಂತೂ ಅಲ್ಲ. ಅಂದರೆ 2021ರಲ್ಲಿ ಎಲ್ಲಿದ್ದೆವೋ ಈಗಲೂ ಅಲ್ಲೇ ಇದ್ದೇವೆ, ಸಾಲವೊಂದು ಹೆಚ್ಚಾಗಿದೆ.

ಮರುದಿನ ಬೆಳಿಗ್ಗೆ ಹೇಳಿದೆ: "ನೀವು ಬಸ್ಸಿಗೆ ಹೋಗಿ. ನಾನು ಕಾರು ಕಲೀತೇನೆ."

ಅತ್ತೆ ದೋಸೆ ಎರೆಯುತ್ತಿದ್ದವರು ಸಟ್ಟುಗ ಹಿಡಿದೇ ಹೊರಗೆ ಬಂದರು. ಬೈಯುತ್ತಾರೆ ಅಂದುಕೊಂಡೆ. "ನಾ ಸಣ್ಣವಳಿರುವಾಗ ಹೊನ್ನಾವರದಲ್ಲಿ ಹೊಳೆ ದಾಟ್ಲಿಕ್ಕೆ ದೋಣಿಗೆ ಕಾಯ್ಬೇಕಿತ್ತು. ಕಾದೂ ಕಾದೂ ಸಾಕಾಗಿದೆ, ಕಲಿ ನೀನು" ಅಂದರು. ಅಲ್ಲಿಗೆ ತೀರ್ಮಾನವಾಯಿತು.

ನಲವತ್ತೈದು ದಾಟಿದ ಮೇಲೆ ಕ್ಲಚ್ಚು ಬ್ರೇಕು ಕಲಿಯುವುದು ಚಕ್ಕುಲಿ ಒತ್ತಿದಷ್ಟು ಸುಲಭವಲ್ಲ. ನಮ್ಮ ಮೂರು ತಾಲೂಕಿನ ಕೆಎ 47 ನಂಬರಿನ ಆರ್‌ಟಿಓ ಕಚೇರಿ ಹೊನ್ನಾವರದಲ್ಲೇ ಇದೆ. ಮೊದಲು ಕಲಿಕೆಯ ಲೈಸೆನ್ಸು, ಅದಾಗಿ 30 ದಿನ ಕಳೆದ ಮೇಲೆ ಪರೀಕ್ಷೆ. ಮೊದಲ ಸಲ ಹಿಂದಕ್ಕೆ ತೆಗೆಯುವುದರಲ್ಲಿ ತಪ್ಪಿದೆ, ಎರಡನೇ ಸಲ ಪಾಸಾದೆ.

ಕಳೆದ ವರ್ಷ ಆಷಾಢದ ಒಂದು ಮಧ್ಯಾಹ್ನ ಅತ್ತೆಗೆ ಉಸಿರು ಕಟ್ಟಿ ಬಂತು. ಇವರು ಭಟ್ಕಳದಲ್ಲಿದ್ದರು. ನೆರೆಮನೆಯವರು ಅತ್ತೆಯನ್ನು ಹಿಂದೆ ಹಿಡಿದು ಕೂತರು, ನಾನು ಓಡಿಸಿದೆ. ಕಾಲು ನಡುಗುತ್ತಿತ್ತು, ಗಾಡಿ ನಡುಗಲಿಲ್ಲ. ಇಪ್ಪತ್ತು ನಿಮಿಷದೊಳಗೆ ಪೇಟೆಯ ಆಸ್ಪತ್ರೆಯಲ್ಲಿದ್ದೆವು. ಡಾಕ್ಟರು, "ಬೇಗ ತಂದ್ರಿ, ಒಳ್ಳೆದಾಯ್ತು" ಅಂದರು. ಅತ್ತೆ ಈಗ ಹಿತ್ತಿಲಲ್ಲಿ ಬಸಳೆ ಕೊಯ್ಯುತ್ತಿದ್ದಾರೆ.

ಇನ್ನು ನಮ್ಮ ಇವರ ಪ್ರಯಾಣ. ಬೆಳಿಗ್ಗೆ ಬಸ್ಸು, ನಾನೇ ಕಾರಿನಲ್ಲಿ ಸ್ಟ್ಯಾಂಡಿಗೆ ಬಿಡುತ್ತೇನೆ. ಸಂಜೆ ಹೊತ್ತು ಹೊಂದಿದ ದಿನ ರೈಲು. 1998ರಲ್ಲಿ ಕೊಂಕಣ ರೈಲು ಪೂರ್ತಿ ಶುರುವಾದ ಮೇಲೆ ಕುಮಟಾ, ಹೊನ್ನಾವರ, ಭಟ್ಕಳ ಮೂರೂ ಒಂದೇ ಹಳಿಯ ಮೇಲಿವೆ. ಮಳೆಗಾಲದಲ್ಲಿ ಮಾತ್ರ ರೈಲಿನ ವೇಳೆ ಬದಲಾಗುತ್ತದೆ, ಕೇಳಿಕೊಂಡೇ ಹೊರಡಬೇಕು. ಕೆಲಸ ತಡವಾಗುವ ದಿನ, ತಿಂಗಳಿಗೆ ನಾಲ್ಕೈದು ಸಲ, ಕಾರು. ಆಗ ಹೊನ್ನಾವರದ ಸಹೋದ್ಯೋಗಿಯೊಬ್ಬರು ಜೊತೆಗಿರುತ್ತಾರೆ. ಇಬ್ಬರಿದ್ದರೆ ಮಾತು, ಮಾತಿದ್ದರೆ ಎಚ್ಚರ. ಬಸ್ಸಿನಲ್ಲಿ ನಿದ್ದೆ ಮಾಡಿ ಬರುವುದರಿಂದ ಮನೆಗೆ ಬಂದಾಗ ಸಿಡುಕೂ ಕಡಿಮೆ. ಏಪ್ರಿಲ್‌ನಲ್ಲಿ ಕುಮಟಾ ಈರುಳ್ಳಿಯ ಗೊಂಚಲು, ಮಧ್ಯೆ ಮಧ್ಯೆ ಭಟ್ಕಳದ ಮಲ್ಲಿಗೆ ಈಗಲೂ ಬರುತ್ತವೆ. ಅದಕ್ಕೇನೂ ಕಾರೇ ಬೇಕೆಂದಿಲ್ಲ!

ಈಗ ಹೊನ್ನಾವರದ ಸಹೋದರಿಗೆ ನನ್ನ ಉತ್ತರ.

ಮಗಳ ಮಾತಿನಲ್ಲಿ ಸತ್ಯವಿದೆ. ನಿಂತ ಗಾಡಿಯೂ ಹಾಳಾಗುತ್ತದೆ. ನನ್ನ ತಾಯಿ ಮದುವೆಯ ಸೀರೆಯನ್ನು ಚೆಂದವೆಂದು ಟ್ರಂಕಿನಲ್ಲಿಟ್ಟು, ಇಪ್ಪತ್ತು ವರ್ಷದ ಮೇಲೆ ಬಿಡಿಸಿದಾಗ ಮಡಿಕೆ ಮಡಿಕೆಗೂ ಸೀಳಿತ್ತು. ಕಾರೂ ಹಾಗೆಯೇ. ಹಾಳಾಗುತ್ತದೆ ಎಂಬ ಒಂದೇ ಕಾರಣಕ್ಕೆ ಅಪ್ಪ ಬೇಡವೆನ್ನುವುದು ಸರಿಯಲ್ಲ.

ಹಾಗೆಂದು ದಿನಾ ಬೇಕೇ? ಹೊನ್ನಾವರದಿಂದ ಭಟ್ಕಳಕ್ಕೆ ಸುಮಾರು 40 ಕಿಲೋಮೀಟರ್. ನನ್ನದೇ ಲೆಕ್ಕದಲ್ಲಿ ತಿಂಗಳಿಗೆ ಪೆಟ್ರೋಲಿಗೇ 12,800 ರೂಪಾಯಿ. ಅವಳ ಮೊದಲ ಸಂಬಳದಲ್ಲಿ ಎಷ್ಟು ಉಳಿಯುತ್ತದೆ, ಅವಳ ಕೈಯಲ್ಲೇ ಬರೆಸಿ. ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಸಾಮಾನ್ಯ ಬಸ್ಸುಗಳಿಗೆ ಟಿಕೆಟ್ಟಿನ ಹಣವಿಲ್ಲ. ಆ ಹಣ ಅವಳ ಹೆಸರಿನಲ್ಲಿ ಬ್ಯಾಂಕಿಗೆ ಹೋಗಲಿ. ಕತ್ತಲಾದ ಮೇಲೆ ಬಿಡುವ ಕೆಲಸವಾದರೆ, ಬಸ್ಸಿಗಾಗಿ ಒಬ್ಬಳೇ ತಾಸುಗಟ್ಟಲೆ ನಿಲ್ಲುವಂತಾದರೆ, ಆ ದಿನ ಕಾರು ಕೊಡಲೇಬೇಕು. ಆಗ ಬಣ್ಣ ಮಾಸುತ್ತದೆ ಎನ್ನಬಾರದು. ಮಗಳಿಗಿಂತ ಬಣ್ಣ ಹೆಚ್ಚೇ?

ಇನ್ನೊಂದು ಪ್ರಶ್ನೆಯನ್ನು ಮೂವರೂ ಕೂತು ಕೇಳಿಕೊಳ್ಳಿ: ಕಾರು ಹೋದ ಮೇಲೆ ಮನೆಯಲ್ಲಿ ಉಳಿಯುವವರಿಗೆ ಅಗತ್ಯ ಬಿದ್ದರೆ ಏನು? ನಿಮಗೆ ಓಡಿಸಲು ಬರುತ್ತದೆಯೇ ಎಂದು ನೀವು ಬರೆದಿಲ್ಲ. ಬರದಿದ್ದರೆ, ಮಗಳೇ ಭಾನುವಾರಗಳಂದು ಕಲಿಸಲಿ.

ದಿನಾ ಕಾರಿನಲ್ಲಿ ಹೋಗುವವರ ಮನೆಯವರಿಗೆ ಕೆಲವು ಕಿವಿಮಾತು:

ನಿದ್ದೆ ಬಂದರೆ ಚಹವಾಗಲಿ ಕಿಟಕಿಯ ಗಾಳಿಯಾಗಲಿ ನಂಬಬೇಡಿ. ಪೆಟ್ರೋಲ್ ಬಂಕಿನಂಥ ಜಾಗದಲ್ಲಿ ನಿಲ್ಲಿಸಿ 15–20 ನಿಮಿಷ ಕಣ್ಣು ಮುಚ್ಚಲಿ. ತಡವಾಯಿತೆಂದು ನೀವೂ ಫೋನ್ ಮಾಡಿ ಅವಸರಿಸಬೇಡಿ.

ಜೊತೆಗಾರರನ್ನು ಕರೆದೊಯ್ಯಿರಿ, ಆದರೆ ಬಾಡಿಗೆ ಹೊಡೆಯಬೇಡಿ. ಸ್ವಂತ ಕಾರನ್ನು ಬಾಡಿಗೆಗೆ ಓಡಿಸಿದರೆ ವಿಮೆಗೇ ತೊಂದರೆ.

ಕಡಲ ಗಾಳಿಯ ಉಪ್ಪು ತಗಡನ್ನು ತಿನ್ನುತ್ತದೆ. ವಾರಕ್ಕೊಮ್ಮೆ ಗಾಡಿಯ ಅಡಿಭಾಗಕ್ಕೂ ಸಿಹಿನೀರು ಬಿಡಿ. ಮಳೆಗಾಲದಲ್ಲಿ ಸೀಟಿನ ಕೆಳಗೆ ಒಂದು ಬಟ್ಟೆಯಲ್ಲಿ ಇದ್ದಿಲು ಕಟ್ಟಿಟ್ಟರೆ ಮುಗ್ಗಲು ವಾಸನೆ ಕಡಿಮೆ. ನಿಲ್ಲಿಸಿದ್ದೇ ಇಡಬೇಡಿ, ವಾರಕ್ಕೆರಡು ಸಲ ಓಡಿಸಿದರೆ ಬ್ಯಾಟರಿಯೂ ಉಳಿಯುತ್ತದೆ, ಇಲಿ ವೈರು ಕಚ್ಚುವುದೂ ಕಡಿಮೆ.

ಸಂಜೆಯ ದಾರಿಗೆ ಡಬ್ಬಿಯಲ್ಲಿ ಹಚ್ಚಿದ ಅವಲಕ್ಕಿ ಕೊಡಿ. ತೆಳು ಅವಲಕ್ಕಿಯನ್ನು ಸಣ್ಣ ಉರಿಯಲ್ಲಿ ಗರಿಯಾಗುವಂತೆ ಹುರಿಯಿರಿ. ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಶೇಂಗಾ, ಕರಿಬೇವು, ಒಣಮೆಣಸು, ಚಿಟಿಕೆ ಅರಿಸಿನ ಹಾಕಿ ಒಗ್ಗರಣೆ ಮಾಡಿ, ಉಪ್ಪು, ಚೂರು ಸಕ್ಕರೆ ಸೇರಿಸಿ ಕಲಸಿ. ವಾರವಾದರೂ ಕೆಡದು. ಖಾಲಿ ಹೊಟ್ಟೆಯಲ್ಲಿ ಸುಸ್ತಾಗಿ ಬರುವುದು ತಪ್ಪುತ್ತದೆ.

ಮಗಳು ಮೊದಲ ದಿನ ಯಾವುದರಲ್ಲಿ ಹೋದಳು ಎಂದು ಹೊನ್ನಾವರದ ಸಹೋದರಿ ಮರೆಯದೆ ಬರೆಯಬೇಕು. ಕಾಯುತ್ತಿರುತ್ತೇನೆ.